ಕ್ಲಾವಕ್ಕ ತುಂಬಿಕೊಟ್ಟ ಬಟ್ಟಲು

ನಮ್ಮ ಕಡೆ ಮನೆಗೆ ಬಂದವರಿಗೆ ಚಹಾ ಕೊಡುವಾಗ ಬಟ್ಟಲು ತುಂಬಿಸುವುದಿಲ್ಲ. ತಳದಲ್ಲಿ ಎರಡು ಗುಟುಕು ಬಿದ್ದರೆ ಸಾಕು. ಅದು ಮುಗಿಯಲಿ, ಮತ್ತೆ ಬಗ್ಗಿಸೋಣ, ಇನ್ನಷ್ಟು ಹೊತ್ತು ಕೂತಿರಲಿ ಎನ್ನುವುದು ಅದರ ಅರ್ಥ. ಅಂಚಿನವರೆಗೆ ತುಂಬಿಸಿ ಕೈಗೆ ಕೊಟ್ಟರೆ, ಕುಡಿದು ಎದ್ದು ನಡಿ ಎಂದ ಹಾಗೆ. ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ನಮ್ಮ ಉಜ್ಬೆಕ್ ನಾಡಿನ ಫೆರ್ಗಾನಾದಲ್ಲಿ ಮಗುವಿಗೆ ಹಲ್ಲು ಬರುವ ಮೊದಲೇ ಇದು ಬಂದಿರುತ್ತದೆ.

ಕ್ಲಾವಕ್ಕನಿಗೆ ಬಂದಿರಲಿಲ್ಲ. ಮೂವತ್ತೆಂಟು ವರ್ಷಗಳ ಹಿಂದೆ, ನೋರ್ಮತನ ಹೋಟೆಲ್ಲಿಗೆ ಕೆಲಸಕ್ಕೆ ಸೇರಿದ ಎರಡನೇ ದಿನ, ಬಟ್ಟಲು ಕಂಠಮಟ್ಟ ತುಂಬಿಸಿ ತಂದು ಒಬ್ಬನ ಮುಂದಿಟ್ಟಳು. ಅವನು ಬೆಳಗಿನ ರೊಟ್ಟಿ ಹೊತ್ತು ತಂದು, ಬೆವರು ಒರೆಸಿಕೊಂಡು ಆಗಷ್ಟೇ ಕೂತಿದ್ದ. ಬಟ್ಟಲು ನೋಡಿದ, ಅವಳನ್ನು ನೋಡಿದ, ಎದ್ದು ಹೋದ. ಮೂರು ದಿನ ಆ ಹೋಟೆಲ್ಲಿಗೆ ರೊಟ್ಟಿ ಕಳಿಸಲಿಲ್ಲ. ಆ ಮಹಾಶಯ ನಾನೇ. ಹೆಸರು ಮಮಸೋಲಿ, ಪಕ್ಕದ ಗೋಡೆಯ ತಂದೂರು ನನ್ನದು. ಆಗ ಇಪ್ಪತ್ತೇಳು ವರ್ಷ, ಮೂಗಿನ ತುದಿಯಲ್ಲಿ ಕೋಪ. ಈಗ ವಯಸ್ಸಾಗಿದೆ, ಕೋಪ ಅಲ್ಲೇ ಇದೆ.

ನಾಲ್ಕನೇ ದಿನ ಅವಳು ಕೆಟಲು, ಬಟ್ಟಲು ಹಿಡಿದುಕೊಂಡು ನನ್ನ ಅಂಗಡಿಗೇ ಬಂದಳು. ವಿಷಯವನ್ನು ನೋರ್ಮತ್ ಬಿದ್ದೂ ಬಿದ್ದೂ ನಕ್ಕು ಹೇಳಿದ್ದನಂತೆ. ನನ್ನೆದುರು ನಿಂತು ಬಟ್ಟಲಿಗೆ ಒಂದು ಹನಿ ಹಾಕಿದಳು. ನಿಜಕ್ಕೂ ಒಂದೇ ಹನಿ.

"ಇಷ್ಟು ಸಾಕಾ? ಇನ್ನೂ ಕಡಿಮೆ ಬೇಕಾ?" ಎಂದಳು.

ಅವಳ ಉಜ್ಬೆಕ್ ಆಗಿನ್ನೂ ಮುರುಕು ಮುರುಕು. ಆದರೆ ಗೇಲಿಗೆ ವ್ಯಾಕರಣ ಬೇಕಾಗಲಿಲ್ಲ. ಅಂದಿನಿಂದ ಹೋಟೆಲ್ಲಿಗೆ ರೊಟ್ಟಿ ನಿಂತದ್ದಿಲ್ಲ.

ಅವಳ ಪೂರ್ತಿ ಹೆಸರು ಕ್ಲಾವ್ದಿಯಾ. ಊರು ಸರಾತೊವ್. ಗಂಡ ಗೆನ್ನಾದಿಗೆ ಇಲ್ಲಿನ ಎಣ್ಣೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಬಂದವಳು. ಆಳು ಅಂದರೆ ಆಳು: ನನಗಿಂತ ಗೇಣುದ್ದ ಎತ್ತರ, ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲು. ಅಡುಗೆಯಲ್ಲಿ ಎತ್ತಿದ ಕೈಯಾದ ನೋರ್ಮತ್ ಮಾತ್ರ ಪುಟಾಣಿ ಮನುಷ್ಯ, ಕೈಕಾಲೆಲ್ಲ ಹೈಸ್ಕೂಲು ಹುಡುಗಿಯ ಹಾಗೆ. ಇಬ್ಬರೂ ಅಡುಗೆಮನೆಯಲ್ಲಿ ಒಟ್ಟಿಗೆ ನಿಂತರೆ ಕಡಾಯಿ ಪಕ್ಕ ಸೌಟು ಇಟ್ಟ ಹಾಗೆ ಕಾಣುತ್ತಿತ್ತು. ಅವನ ಒಲೆ ಅಂಗಳದಲ್ಲಿ ಹಿಪ್ಪುನೇರಳೆ ಮರದ ಕೆಳಗೆ, ಇವಳ ಒಲೆ ಒಳಗೆ. ಅವನದು ಓಶ್, ಅಂದರೆ ಕುರಿಮಾಂಸ, ಗಜ್ಜರಿ, ಅಕ್ಕಿ ಸೇರಿ ದಮ್ಮಿನಲ್ಲಿ ಬೇಯುವ ಅನ್ನ. ಇವಳದು ಬೀಟ್‌ರೂಟಿನ ಬೋರ್ಷ್ ಸಾರು, ಮಾಂಸ ತುಂಬಿ ಮಡಚಿದ ಪೆಲ್ಮೆನಿ. ಬಾಗಿಲ ಬಳಿಯ ಕರಿಹಲಗೆಯ ಮೇಲೆ ಅರ್ಧ ಅವನ ಅಕ್ಷರ, ಅರ್ಧ ಅವಳದು.

ಆಮೇಲೆ ದೇಶ ಒಡೆಯಿತು, ರಷ್ಯನ್ನರು ಗಂಟುಮೂಟೆ ಕಟ್ಟಿದರು. ಬೀದಿಗೆ ಬೀದಿಯೇ ಖಾಲಿ. ಗೆನ್ನಾದಿ ಅಷ್ಟರಲ್ಲಿ ತೀರಿಕೊಂಡು ಇಲ್ಲೇ ಮಣ್ಣಾಗಿದ್ದ. ಕ್ಲಾವಕ್ಕ ಹೋಗಲಿಲ್ಲ. ಇನ್ನು ಬೋರ್ಷ್ ಯಾರು ತಿನ್ನುತ್ತಾರೆ ಅಂತ ನಾನು ಕೇಳಿದ್ದೆ. ನೋಡಿದರೆ ನಮ್ಮವರೇ ತಿಂದರು! ಹಿಂದೆ ಸೈನ್ಯಕ್ಕೆ ಹೋಗಿ ರಷ್ಯಾದ ಚಳಿಯ ಊರುಗಳಲ್ಲಿ ಎರಡು ವರ್ಷ ಕಳೆದು ಬಂದ ಗಂಡಸರೆಲ್ಲ, ಮನೆಯಲ್ಲಿ ಹೆಂಡತಿಗೆ ಹೇಳದೆ, ಮೀಸೆಗೆ ಕೆಂಪು ಸಾರು ಮೆತ್ತಿಕೊಂಡು ಕೂರುತ್ತಿದ್ದರು. ಅವರಲ್ಲಿ ನಾನೂ ಒಬ್ಬ ಎಂದು ಬೇರೆ ಹೇಳಬೇಕಾಗಿಲ್ಲ.

ಈ ವರ್ಷ ಏಪ್ರಿಕಾಟ್ ಹೂ ಬಿಡುವ ಹೊತ್ತಿಗೆ ನೋರ್ಮತ್ ಈರುಳ್ಳಿ ಹುರಿಯುತ್ತಿದ್ದವನು ಕಡಾಯಿ ಪಕ್ಕದಲ್ಲೇ ಕುಸಿದ. ಜೀವ ಉಳಿಯಿತು, ಬಲಭಾಗ ಹೋಯಿತು. ಮಾತೂ ಹೋಯಿತು. ಬಾಯಲ್ಲಿ ಉಳಿದದ್ದು ಒಂದೇ ಒಂದು ಪದ: ಇಲ್ಲ. ಚಹಾ ಬೇಕಾ ಎಂದರೆ ಇಲ್ಲ, ಬೇಡವಾ ಎಂದರೆ ಇಲ್ಲ. ದನಿ ಕೇಳಿ ನಾವೇ ಅರ್ಥ ಮಾಡಿಕೊಳ್ಳಬೇಕು. ಹಿಪ್ಪುನೇರಳೆ ಮರದ ಕೆಳಗೆ ಅವನಿಗೊಂದು ಕುರ್ಚಿ ಹಾಕಿದರು. ಎದುರಿಗೆ ತಣ್ಣಗಾದ ಕಡಾಯಿ. ಅದನ್ನು ನೋಡುತ್ತ ಕೂರುವ ಗೆಳೆಯನನ್ನು ನೋಡಲಾಗದೆ ನಾನು ರೊಟ್ಟಿ ಇಟ್ಟು ಬೇಗ ಬೇಗ ಹೊರಡುತ್ತಿದ್ದೆ. ಹೇಡಿತನ, ಇನ್ನೇನು.

ಎರವಲು ಅಡುಗೆಯವರು ಇಬ್ಬರು ಬಂದರು. ಒಬ್ಬ ಮದುವೆ ಅಡುಗೆಗೆ ಹೋದವನು ತಿರುಗಿ ಬರಲಿಲ್ಲ. ಇನ್ನೊಬ್ಬನ ಓಶ್ ತಿಂದವರು ತಿರುಗಿ ಬರಲಿಲ್ಲ. ಆಗ ನೋರ್ಮತನ ತಮ್ಮ ಓದಿಲ್ ಬಂದ. ಟೈಲ್ಸ್ ವ್ಯಾಪಾರಿ, ಮೃದು ಮಾತು, ಹೋಟೆಲ್ಲಿನ ಕಟ್ಟಡದಲ್ಲಿ ಅವನಿಗೂ ಅಪ್ಪನ ಪಾಲು ಇದೆ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

"ಅಣ್ಣನ್ನ ನಾನು ನೋಡ್ಕೋತೀನಿ. ಇಲ್ಲೊಂದು ಮೊಬೈಲ್ ಅಂಗಡಿ ಬರುತ್ತೆ. ಜನ ಬರ್ತಿದ್ದಿದ್ದು ಶುಕ್ರವಾರದ ಓಶ್‌ಗೆ. ಈಗ ಕಡಾಯಿ ಮುಂದೆ ಯಾರು ನಿಲ್ತಾರೆ ಹೇಳಿ?" ಎಂದ.

"ನಾನು ನಿಲ್ತೀನಿ," ಎಂದಳು ಕ್ಲಾವಕ್ಕ. ಪೆಲ್ಮೆನಿ ಮಡಚುತ್ತಿದ್ದ ಕೈ ನಿಲ್ಲಲಿಲ್ಲ.

ಅಂಗಳದಲ್ಲಿದ್ದ ನಾವೆಲ್ಲ ನಕ್ಕೆವು. ಜೋರಾಗಿ ನಕ್ಕವನು ನಾನು. ಮನೆಯಲ್ಲಿ ಹೆಂಗಸರು ಓಶ್ ಮಾಡುತ್ತಾರೆ, ಅದು ಬೇರೆ. ಆದರೆ ಶುಕ್ರವಾರ, ನಮಾಜು ಮುಗಿಸಿ ಬರುವ ನೂರು ಗಂಡಸರಿಗೆ, ದೊಡ್ಡ ಕಡಾಯಿಯಲ್ಲಿ? ಅದನ್ನು ಗಂಡಸರೇ ಮಾಡಬೇಕು. ಯಾಕೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

"ಅಕ್ಕ, ತಮಾಷೆ ಮಾಡ್ಬೇಡಿ," ಎಂದ ಓದಿಲ್.

"ತಮಾಷೆ ಮಾಡೋ ದಿನ ಹಲ್ಲು ತೋರಿಸ್ತೀನಿ, ಆಗ ನಗು."

ಓದಿಲ್ ಅಣ್ಣನ ಕಡೆ ನೋಡಿದ. ನೋರ್ಮತನ ಕಣ್ಣು ಕಡಾಯಿಯ ಮೇಲಿತ್ತು. ತಮ್ಮನಿಗೂ ಕರುಳು ಚುರ್ ಎಂದಿರಬೇಕು. "ಸರಿ, ಒಂದು ತಿಂಗಳು. ಅಷ್ಟರೊಳಗೆ ಒಂದು ಶುಕ್ರವಾರ ಸೋಬಿರ್ ಅಜ್ಜನ್ನ ಕರ್ಕೊಂಡು ಬರ್ತೀನಿ. ಅವರು ನಿಮ್ಮ ಓಶ್ ತಿಂದು ಇನ್ನೊಂದು ತಟ್ಟೆ ಕೇಳಿದ್ರೆ, ನಾನು ಈ ಬಾಗಿಲ ತಂಟೆಗೆ ಬರಲ್ಲ. ಕೇಳ್ಲಿಲ್ಲ ಅಂದ್ರೆ ಒಲೆ ಆರಿಸೋದು. ನಿಮ್ಮದೂ ಸೇರಿ," ಎಂದ.

ಸೋಬಿರ್ ಅಜ್ಜ ನಮ್ಮ ಬೀದಿಯ ಹಿರಿಯ. ಐವತ್ತು ವರ್ಷದಿಂದ ಇಲ್ಲಿನ ಒಂದು ಮದುವೆ, ಒಂದು ಸಾವು ಬಿಡದೆ ಓಶ್ ತಿಂದ ನಾಲಿಗೆ ಅದು. ಎರಡನೇ ತಟ್ಟೆ ಕೇಳಿದ್ದನ್ನು ನಾನು ಎಣಿಸಿ ಹೇಳಬಲ್ಲೆ, ಅದೂ ನೋರ್ಮತನ ಕೈಯದು ಮಾತ್ರ.

ಅಂದು ಮಧ್ಯಾಹ್ನ ಕ್ಲಾವಕ್ಕ ರೊಟ್ಟಿಗೆ ಬಂದಾಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಯಾಕಮ್ಮ ಈ ಪಾಡು? ಹೆಂಗಸು ಮಾಡಿದ ಶುಕ್ರವಾರದ ಓಶ್ ಯಾರು ತಿಂತಾರೆ? ಅರವತ್ತೆರಡಾಯ್ತು ನಿಂಗೆ. ಸರಾತೊವ್‌ನಲ್ಲಿ ತಂಗಿ ಕರೀತಾನೇ ಇದಾಳೆ. ನಿಂಗಾದ್ರೂ ಹೋಗೋಕೊಂದು ಊರಿದೆ, ಹೋಗ್ಬಿಡು," ಎಂದೆ.

ಹೇಳುತ್ತ ರೊಟ್ಟಿಯನ್ನು ಹಲಗೆಯ ಮೇಲೆ ಎಸೆದಿದ್ದೆ. ಒಂದು ಬೋರಲು ಬಿತ್ತು. ರೊಟ್ಟಿಯನ್ನು ಬೋರಲು ಹಾಕುವುದು ನಮ್ಮಲ್ಲಿ ಮಹಾಪಾಪ. ಅವಳು ಆ ರೊಟ್ಟಿಯನ್ನು ಎತ್ತಿ, ಮುಖ ಮೇಲೆ ಮಾಡಿಟ್ಟು, ಉಳಿದವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋದಳು. ನನಗೆ ಅರವತ್ತೈದು ವರ್ಷ, ತಂದೂರು ನನ್ನ ಅಜ್ಜನದು, ರೊಟ್ಟಿ ಇಡುವುದನ್ನು ನನಗೆ ಸರಾತೊವ್‌ನವಳು ತೋರಿಸಿ ಹೋದಳು. ಅದೇ ಸಿಟ್ಟಿನಲ್ಲಿ ಸಂಜೆ ಓದಿಲ್ ಸಿಕ್ಕಾಗ ಅವನಿಗೂ ಅದೇ ಮಾತು ಹೇಳಿದೆ. "ಬಿಡಪ್ಪಾ, ಅವಳಿಗೆ ಹೋಗೋಕೊಂದು ಊರಿದೆ."

ಮೊದಲ ಶುಕ್ರವಾರ ಬೆಳಕು ಹರಿಯುವಾಗಲೇ ಒಲೆ ಹೊತ್ತಿತು. ಗೋಡೆಯಾಚೆಯಿಂದ ವಾಸನೆ ಬಂತು. ಕುರಿಬಾಲದ ಕೊಬ್ಬು ಕರಗಿದ ವಾಸನೆ ಸರಿಯಾಗಿತ್ತು, ಈರುಳ್ಳಿ ಸರಿಯಾಗಿತ್ತು. ಮೂವತ್ತೆಂಟು ವರ್ಷ ಕಿಟಕಿಯಿಂದ ನೋಡಿದವಳು, ಗಜ್ಜರಿಯನ್ನು ಸಾರಿಗೆ ತುರಿದ ಹಾಗೆ ತುರಿಯಲಿಲ್ಲ, ಚಾಕುವಿನಲ್ಲೇ ಕಡ್ಡಿ ಕಡ್ಡಿಯಾಗಿ ಹೆಚ್ಚಿದಳು. ಅಕ್ಕಿ ಹಾಕಿದ ಮೇಲೆ ನೀರಿನ ಅಳತೆಗೆ ನೋರ್ಮತನ ಕಡೆ ತಿರುಗಿದಳು. ಅವನು ಎಡಗೈಯ ತೋರುಬೆರಳೆತ್ತಿ, ಹೆಬ್ಬೆರಳಿನಿಂದ ಮೊದಲ ಗೆಣ್ಣು ಮುಟ್ಟಿ ತೋರಿಸಿದ. ಅಕ್ಕಿಯ ಮೇಲೆ ಒಂದು ಗೆಣ್ಣು ನೀರು. ಅವಳು ಬೆರಳಿಟ್ಟು ಅಳೆದಳು, ಸುರಿದಳು, ಮುಚ್ಚಿದಳು.

ಮುಚ್ಚಳ ತೆಗೆದಾಗ ಅನ್ನ ಹಿಟ್ಟಾಗಿತ್ತು. ನಮಾಜಿನಿಂದ ಬಂದವರು ತಟ್ಟೆಯನ್ನೇ ನೋಡುತ್ತ ಕೂತರು.

"ಅಕ್ಕ, ಇದನ್ನ ತಿನ್ಬೇಕಾ, ಗೋಡೆಗೆ ಮೆತ್ತಬೇಕಾ?" ಎಂದ ಒಬ್ಬ ಗಾರೆ ಕೆಲಸದವನು.

"ಇದು ಓಶ್ ಅಲ್ಲಮ್ಮ, ಶಾವ್ಲಾ," ಎಂದ ಮತ್ತೊಬ್ಬ. ಶಾವ್ಲಾ ಅಂದರೆ ಅದೇ ಸಾಮಾನು ಹಾಕಿ ಬೇಕೆಂದೇ ಮುದ್ದೆಯಾಗಿ ಬೇಯಿಸುವ ಅನ್ನ, ಮನೆಯಲ್ಲಿ ಹಲ್ಲಿಲ್ಲದವರಿಗೆ ಮಾಡುವಂಥದ್ದು.

ಕ್ಲಾವಕ್ಕ ತನ್ನ ಏಪ್ರನ್ನಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಹೋದಳು. ಕರಿಹಲಗೆಯ ಮೇಲಿನ 'ಓಶ್' ಅಳಿಸಿದಳು, 'ಶಾವ್ಲಾ' ಎಂದು ಬರೆದಳು. ತಿರುಗಿ ಬಂದು ಸೊಂಟದ ಮೇಲೆ ಕೈಯಿಟ್ಟು, "ಇವತ್ತು ಶಾವ್ಲಾ. ಬೋರ್ಡ್ ನೋಡ್ಕೊಂಡು ಕೂರ್ಬೇಕು. ಓಶ್ ಬೇಕಾದವರು ಮುಂದಿನ ಶುಕ್ರವಾರ ಬನ್ನಿ," ಎಂದಳು.

ನಗು ನಿಲ್ಲುವಷ್ಟರಲ್ಲಿ ಅರ್ಧ ಜನ ತಿನ್ನುತ್ತಿದ್ದರು. ಆದರೆ ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿದೆ: ಒಳಗೆ ಹೋದವಳು ಹಿಟ್ಟಿನ ಮೂಟೆಯ ಮೇಲೆ ಕುಕ್ಕರಿಸಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಾನು ಏನಾದರೂ ಹೇಳಬೇಕಿತ್ತು. ಖಾಲಿ ಬುಟ್ಟಿ ಎತ್ತಿಕೊಂಡು ಹೊರಟುಬಿಟ್ಟೆ.

ಎರಡನೇ ಶುಕ್ರವಾರ ನೀರು ಕಮ್ಮಿ ಮಾಡಲು ಹೋಗಿ ಅಕ್ಕಿ ಕಾಳು ಕಾಳಾಗಿ ಹಲ್ಲಿಗೆ ಸಿಕ್ಕಿತು. ಬಂದವರೂ ಒಂದು ಜಗಲಿ ತುಂಬುವಷ್ಟಿರಲಿಲ್ಲ. ಅವಳು ಬೋರ್ಡಿನಲ್ಲಿ ಏನೂ ಬರೆಯಲಿಲ್ಲ.

ಮರುದಿನ ನಾನು ರೊಟ್ಟಿ ತಂದಾಗ ಅವಳು ನೋರ್ಮತನ ಕುರ್ಚಿಯ ಎದುರು ನೆಲದಲ್ಲಿ ಕೂತು ಜಗಳಾಡುತ್ತಿದ್ದಳು.

"ಒಂದು ಗೆಣ್ಣಾ?"

"ಇಲ್ಲ."

"ಅರ್ಧವಾ?"

"ಇಲ್ಲ!"

"ಎರಡಾ? ಇಲ್ಲ ಅಂದ್ರೆ ಒದೀತೀನಿ ನೋಡು!"

"ಇಲ್ಲ!!" ನೋರ್ಮತನ ಕಣ್ಣಲ್ಲಿ ನೀರು ಬಂದಿತ್ತು, ರೇಗಿ. ಎಡಗೈ ಬೆರಳನ್ನು ಅವಳ ಮುಖಕ್ಕೆ ತಿವಿಯುವ ಹಾಗೆ ಹಿಡಿದ. ಅವಳೂ ರೇಗಿ ತನ್ನ ಬೆರಳನ್ನು ಅದರ ಪಕ್ಕಕ್ಕೆ ಹಿಡಿದಳು.

ಇಬ್ಬರೂ ಎರಡು ಬೆರಳುಗಳನ್ನೇ ನೋಡಿದರು. ಅವನ ಗೆಣ್ಣು ಕಡಲೆಬೀಜದಷ್ಟು. ಅವಳದು ವಾಲ್‌ನಟ್ ಗಾತ್ರ. ಅವನ ಒಂದು ಗೆಣ್ಣಿನ ನೀರಿಗೆ ಅವಳು ಹೆಚ್ಚುಕಮ್ಮಿ ಅವನ ಎರಡು ಗೆಣ್ಣಿನಷ್ಟು ಸುರಿದಿದ್ದಳು. ಆಮೇಲೆ ಹೆದರಿ ತೀರ ಇಳಿಸಿದ್ದಳು. ಮೊದಲು ನಕ್ಕವಳು ಅವಳು, ಆಮೇಲೆ ಅವನು, ಬಾಯಿಯ ಒಂದೇ ಬದಿಯಿಂದ. ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಅವಳು ಎದ್ದು ಹಬೆ ಹೋಗಲೆಂದು ಅನ್ನದಲ್ಲಿ ತೂತು ಮಾಡುವ ಮರದ ಕೋಲು ತಂದಳು. ಅವನ ಬೆರಳನ್ನು ಕೋಲಿಗೆ ಒತ್ತಿ ಹಿಡಿದು, ಗೆಣ್ಣು ಎಲ್ಲಿಗೆ ಬಂತೋ ಅಲ್ಲಿ ಚಾಕುವಿನಿಂದ ಒಂದು ಗೀರು ಕೊರೆದಳು. ನಾನು ರೊಟ್ಟಿಯ ಬುಟ್ಟಿ ಹಿಡಿದು ನಿಂತೇ ಇದ್ದೆ. ನಾನು ಹೇಡಿಯಂತೆ ಓಡಿಹೋಗುತ್ತಿದ್ದ ಜಾಗದಲ್ಲಿ ಇವಳು ಅವನ ಬೆರಳು ಹಿಡಿದು ಕೂತಿದ್ದಳು. ನನಗೆ ನಾಚಿಕೆಯಾಯಿತು.

ಮೂರನೇ ಶುಕ್ರವಾರದ ಅನ್ನ ಉದುರುದುರಾಗಿತ್ತು, ತಳ ಮಾತ್ರ ಕೊಂಚ ಹಿಡಿದಿತ್ತು. ಗಾರೆ ಕೆಲಸದವನು ತಿಂದು, "ಗೋಡೆಗೆ ಹತ್ತಲ್ಲ ಇದು, ಹೊಟ್ಟೆಗೇ ಹಾಕ್ಕೋಬೇಕು," ಎಂದ. ನಾಲ್ಕನೆಯ ಶುಕ್ರವಾರ ಓದಿಲ್ ಸೋಬಿರ್ ಅಜ್ಜನ ಕೈ ಹಿಡಿದುಕೊಂಡು ಬಂದ.

ಅಂಗಳ ತುಂಬಿತ್ತು. ಅಜ್ಜನನ್ನು ಜಗಲಿಯ ಮೇಲುಗಡೆ ಕೂರಿಸಿದರು, ಪಕ್ಕದಲ್ಲಿ ಓದಿಲ್, ಎದುರಿಗೆ ನಾನು. ಕ್ಲಾವಕ್ಕ ತಟ್ಟೆ ತಂದಿಟ್ಟು ಹಿಂದೆ ಸರಿದಳು. ಕೆಂಪಡರಿದ ಅಕ್ಕಿ, ಮೇಲೆ ಮಾಂಸ, ನಡುವೆ ಇಡೀ ಬೆಳ್ಳುಳ್ಳಿ ಗೆಡ್ಡೆ. ಅಜ್ಜ ತೋಳು ಮಡಚಿ, ಮೂರು ಬೆರಳಲ್ಲಿ ಒತ್ತಿ ಒಂದು ತುತ್ತು ಬಾಯಿಗಿಟ್ಟ. ಅಗಿದ. ಮತ್ತೊಂದು ತುತ್ತು.  ಕ್ಲಾವಕ್ಕನ ಕುತ್ತಿಗೆಯ ನರ ಬಡಿಯುವುದು ನನಗೆ ಕಾಣುತ್ತಿತ್ತು. ಅವಳ ಒಲೆ, ಅವಳ ಊರು, ನೋರ್ಮತನ ಮುಖದ ಆ ಅರ್ಧ ನಗು, ಎಲ್ಲವೂ ಆ ಮುದುಕನ ದವಡೆಯಲ್ಲಿತ್ತು.

ತಟ್ಟೆ ಖಾಲಿಯಾಯಿತು. ಅಜ್ಜ ಬೆರಳು ಒರೆಸಿಕೊಂಡು, ಕಣ್ಣು ಕಿರಿದು ಮಾಡಿ, "ಏನು, ನೋರ್ಮತ್ ಎದ್ದು ಓಡಾಡ್ತಿದಾನಾ?" ಎಂದ.

"ಇಲ್ಲ," ಎಂದ ನೋರ್ಮತ್ ಕುರ್ಚಿಯಿಂದ.

ಇಡೀ ಅಂಗಳ ಗೊಳ್ ಎಂದಿತು.

"ಹಾಗಾದ್ರೆ ಇನ್ಯಾರದ್ದಾದ್ರೂ ಆಗ್ಲಿ. ಇನ್ನೊಂದು ತಟ್ಟೆ ತನ್ನಿ," ಎಂದ ಅಜ್ಜ.

ಎರಡನೇ ತಟ್ಟೆ ಬಂತು. ಗೆದ್ದಾಯಿತು ಎಂದುಕೊಂಡೆವು. ಆದರೆ ಓದಿಲ್ ಗಂಟಲು ಸರಿಮಾಡಿಕೊಂಡ. "ಅಜ್ಜ, ರುಚಿಗೆ ನಾನು ಕೊಂಕು ತೆಗೆಯಲ್ಲ. ಒಂದು ಶುಕ್ರವಾರ ಸರಿ ಹೋಯ್ತು. ಆದ್ರೆ ಮುಂದೆ? ಅಕ್ಕ ಎಷ್ಟಾದ್ರೂ ಹೊರಗಿನವರು. ಅವರಿಗೆ ಹೋಗೋಕೊಂದು ಊರಿದೆ. ಇವತ್ತಲ್ಲ ನಾಳೆ ಹೋಗ್ತಾರೆ, ಮತ್ತೆ ನಾವು ಕಡಾಯಿ ಮುಂದೆ ಕೂತು ಅಳ್ಬೇಕು. ಈಗ್ಲೇ ಅಂಗಡಿ ಮಾಡ್ಬಿಡೋದು ಒಳ್ಳೇದಲ್ವಾ?"

ನನ್ನ ಮಾತು. ಒಂದಕ್ಷರ ಬದಲಾಗದೆ ನನ್ನದೇ ಮಾತು. ಕ್ಲಾವಕ್ಕ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ.

ಅವಳು ಹೋಗಿ ಕೆಟಲು ತಂದಳು. ಪದ್ಧತಿಯ ಪ್ರಕಾರ ಬಟ್ಟಲಿಗೆ ಬಗ್ಗಿಸಿ ಮರಳಿ ಕೆಟಲಿಗೆ ಸುರಿದಳು, ಒಂದು ಸಲ, ಎರಡು ಸಲ, ಮೂರು ಸಲ. ಆತುರ ಇರಲಿಲ್ಲ. ನಾಲ್ಕನೆಯ ಸಲ ಬಗ್ಗಿಸಿದಾಗ ಕೈ ನಿಲ್ಲಲಿಲ್ಲ. ಎರಡು ಗುಟುಕು ದಾಟಿತು, ಅರ್ಧ ದಾಟಿತು, ನೀಲಿ ಹೂವಿನ ಗೆರೆ ಮುಳುಗಿತು, ಅಂಚಿಗೆ ಬಂದು ನಿಂತಿತು. ಆ ಬಟ್ಟಲನ್ನು ಹಿಡಿದು ಜಗಲಿಯವರೆಗೆ ನಡೆದು ಬಂದಳು. ಒಂದು ಹನಿ ಚೆಲ್ಲಲಿಲ್ಲ. ಎಡಗೈ ಎದೆಯ ಮೇಲಿಟ್ಟು, ಬಾಗಿ, ಬಲಗೈಯಿಂದ ಓದಿಲ್‌ನ ಮುಂದಿಟ್ಟಳು.

ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಓದಿಲ್ ನಗಲು ನೋಡಿದ. "ಅಕ್ಕ ರಷ್ಯಾದವರಲ್ವಾ, ಮರೆತ್ಬಿಟ್ರು," ಎಂದ.

"ಮರೆತಿಲ್ಲ ತಮ್ಮಾ. ಮೂವತ್ತೆಂಟು ವರ್ಷದ ಹಿಂದೆ ಗೊತ್ತಿಲ್ದೆ ಒಂದ್ಸಲ ತುಂಬ್ಸಿದ್ದೆ. ಇವತ್ತು ಗೊತ್ತಿದ್ದೇ ತುಂಬ್ಸಿದೀನಿ," ಎಂದಳು. ದನಿ ಏರಿರಲಿಲ್ಲ. "ಹೋಗೋಕೆ ಊರಿರೋದು ನಿಂಗೆ, ಮನೆ ಕಾಲುವೆ ಆಚೆ ಇದೆ. ನಂಗೆ ಇರೋದು ಇದೊಂದೇ. ಬಿಸಿ ಇದೆ, ನಿಧಾನಕ್ಕೆ ಕುಡಿ. ಆಮೇಲೆ ಏಳು."

ಓದಿಲ್ ಸೋಬಿರ್ ಅಜ್ಜನ ಕಡೆ ನೋಡಿದ. ಅಜ್ಜ ಎರಡನೇ ತಟ್ಟೆಯಲ್ಲಿ ಮುಳುಗಿದ್ದ. ಕೊನೆಗೆ ಅಣ್ಣನ ಕಡೆ ತಿರುಗಿ, "ಅಣ್ಣಾ, ನೀನಾದ್ರೂ ಏನಾದ್ರೂ ಹೇಳ್ತೀಯಾ?" ಎಂದು ಕೇಳಿದ.

"ಇಲ್ಲ," ಎಂದ ನೋರ್ಮತ್.

ಈ ಸಲ ಯಾರೂ ಅರ್ಥ ಹುಡುಕಬೇಕಾಗಲಿಲ್ಲ. ಓದಿಲ್‌ನ ಕಿವಿ ಕೆಂಪಾಯಿತು. ಆದರೂ ಒಳ್ಳೆಯ ಮನೆಯ ಮಗ, ಬಟ್ಟಲು ಎತ್ತಿ ಪೂರ್ತಿ ಕುಡಿದ. ಎದೆಯ ಮೇಲೆ ಕೈಯಿಟ್ಟು ಅವಳಿಗೆ ತಲೆ ಬಾಗಿಸಿದ, ಅಣ್ಣನ ಹೆಗಲು ಮುಟ್ಟಿದ, ಬೂಟು ಹಾಕಿಕೊಂಡು ಹೊರಟ. ಮೊಬೈಲ್ ಅಂಗಡಿಯ ಮಾತು ಮತ್ತೆ ಬಂದಿಲ್ಲ.

ಕ್ಲಾವಕ್ಕ ಕೆಟಲು ಹಿಡಿದು ನನ್ನ ಕಡೆ ತಿರುಗಿದಳು.

ಆ ಮಾತು ಹುಟ್ಟಿದ್ದು ನನ್ನ ಬಾಯಲ್ಲಿ. ಓದಿಲ್‌ಗೆ ಸಿಕ್ಕಿದ್ದು ನನಗೆ ಸಿಗಲೇಬೇಕು, ಅದು ನ್ಯಾಯ. ಅವಳು ಖಾಲಿ ಬಟ್ಟಲು ಎತ್ತಿಕೊಂಡಳು. ತುಂಬಿಸಿದರೆ ಕುಡಿದು ಎದ್ದು ಹೋಗಬೇಕು, ಈ ವಯಸ್ಸಿನಲ್ಲಿ ಮತ್ತೆ ಮೂರು ದಿನಕ್ಕಲ್ಲ, ಇದ್ದಷ್ಟು ದಿನಕ್ಕೂ. ನಾನು ಬಟ್ಟಲನ್ನೇ ನೋಡುತ್ತ ಕೂತೆ. ಚಹಾ ಬೀಳುವ ಸದ್ದಾಯಿತು, ತಕ್ಷಣ ನಿಂತಿತು.

ಬಟ್ಟಲಿನ ತಳದಲ್ಲಿ ಒಂದೇ ಒಂದು ಹನಿ ಇತ್ತು.

"ಇಷ್ಟು ಸಾಕಾ, ಮಮಸೋಲಿ?" ಎಂದಳು ಕ್ಲಾವಕ್ಕ. "ಇನ್ನೂ ಕಡಿಮೆ ಬೇಕಾ?"

ನಾನು ಆ ಹನಿ ಕುಡಿದು ಬಟ್ಟಲನ್ನು ಅವಳ ಮುಂದೆ ಚಾಚಿದೆ. ಅವಳು ಮತ್ತೊಂದು ಹನಿ ಹಾಕಿದಳು. ನಾನು ಎದ್ದು ಹೋಗುವಷ್ಟರಲ್ಲಿ ತಂದೂರಿನಲ್ಲಿ ಮಧ್ಯಾಹ್ನದ ರೊಟ್ಟಿಯೆಲ್ಲ ಸುಟ್ಟು ಕರಕಲಾಗಿತ್ತು.